ಹೊಂಗೆ ಎಲೆ ಉದುರುವ ಹೊತ್ತಿಗೆ ಗೋಣಿಚೀಲ ಹಿಡಿದು ಹೊರಡಿ

ಸಂಕ್ರಾಂತಿ ಮುಗಿದು ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ಬೆಂಗಳೂರಿನ ಹಳೇ ಬಡಾವಣೆಗಳ ರಸ್ತೆಗಳು ಹಳದಿಯಾಗುತ್ತವೆ. ಜಯನಗರ, ಮಲ್ಲೇಶ್ವರ, ಬಸವನಗುಡಿ ಕಡೆ ಬೆಳಿಗ್ಗೆ ಗುಡಿಸಿದ ಜಾಗದಲ್ಲಿ ಮಧ್ಯಾಹ್ನಕ್ಕೆ ಮತ್ತೆ ಎಲೆ ಹಾಸಿರುತ್ತದೆ. ಮಳೆಮರದ ಚಿಲ್ಲರೆ ಎಲೆ, ಹೊಂಗೆ ಎಲೆ, ಅಂಗೈಗಿಂತ ಅಗಲದ ಕೆಂಪು ಬಾದಾಮಿ ಎಲೆ. ಅದರ ಹಿಂದೆಯೇ ಹೊಗೆಯೂ ಬರುತ್ತದೆ. ಯಾರೋ ಮೂಲೆಯಲ್ಲಿ ರಾಶಿ ಮಾಡಿ ಕಡ್ಡಿ ಗೀರಿರುತ್ತಾರೆ. ಬೆಳಿಗ್ಗೆ ವಾಕಿಂಗ್ ಹೋಗುವ ಅಜ್ಜಂದಿರು ಮೂಗಿಗೆ ಬಟ್ಟೆ ಹಿಡಿದು ದಾಟುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಕಸವನ್ನು ಬಯಲಲ್ಲಿ ಸುಡುವುದು ತಪ್ಪು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಹೇಳಿದೆ. ಸಣ್ಣ ಪ್ರಮಾಣದಲ್ಲಿ ಸುಟ್ಟರೆ 5 ಸಾವಿರ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25 ಸಾವಿರ ರೂಪಾಯಿ ದಂಡ. ದಂಡದ ಮಾತು ಹಾಗಿರಲಿ. ಸುಡುತ್ತಿರುವುದು ಏನನ್ನು ಅನ್ನುವುದು ನನ್ನ ಚಿಂತೆ. ಅದೇ ಎಲೆಯನ್ನು ಎಂಟು ತಿಂಗಳು ಒದ್ದೆಯಾಗಿಟ್ಟರೆ ಕಪ್ಪಗೆ, ಮೆತ್ತಗೆ ಆಗುತ್ತದೆ. ಮೊದಲ ಮಳೆ ಬಿದ್ದ ಕಾಡಿನ ವಾಸನೆ ಬರುತ್ತದೆ. ನರ್ಸರಿಯವರು ಇದನ್ನು ಲೀಫ್ ಮೋಲ್ಡ್ ಅನ್ನುತ್ತಾರೆ. ನಾವು ಎಲೆಗೊಬ್ಬರ ಅನ್ನೋಣ.

ಅಡುಗೆಮನೆ ಕಸದ ಗೊಬ್ಬರಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಮರ ಎಲೆಯನ್ನು ಉದುರಿಸುವ ಮೊದಲು ಅದರಲ್ಲಿರುವ ಸಾರಜನಕದ ಬಹುಪಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಕೆಳಗೆ ಬೀಳುವುದು ಹೆಚ್ಚಾಗಿ ನಾರು. ಹಾಗಾಗಿ ತರಗೆಲೆ ರಾಶಿ ತರಕಾರಿ ಸಿಪ್ಪೆಯಂತೆ ಬೇಗ ಬಿಸಿಯಾಗಿ ಕೊಳೆಯುವುದಿಲ್ಲ, ನಾರುವುದೂ ಇಲ್ಲ. ಇಲ್ಲಿ ಮುಖ್ಯ ಕೆಲಸ ಬೂಸ್ಟಿನದು. ಅದು ನಿಧಾನ, ಆದರೆ ಅದಕ್ಕೆ ನಿಮ್ಮಿಂದ ನೀರು ಬಿಟ್ಟು ಹೆಚ್ಚೇನೂ ಬೇಕಿಲ್ಲ. ಚಳಿ ದೇಶಗಳಲ್ಲಿ ಒಂದರಿಂದ ಎರಡು ವರ್ಷ ಹಿಡಿಯುತ್ತದೆ. ನಮ್ಮ ಸೆಖೆ, ನಮ್ಮ ಮಳೆಗೆ ಅಷ್ಟು ಬೇಡ. ಫೆಬ್ರವರಿಯಲ್ಲಿ ತುಂಬಿದ್ದು ದೀಪಾವಳಿ ಕಳೆಯುವಾಗ ಸಿಗುತ್ತದೆ.

ಯಾವ ಎಲೆ?

ಹೊಂಗೆ ಎಲ್ಲಕ್ಕಿಂತ ಒಳ್ಳೆಯದು. ಎಲೆ ತೆಳು, ಬೇಗ ಕರಗುತ್ತದೆ. ಮಳೆಮರ, ಗುಲ್‌ಮೊಹರ್‌ಗಳ ಸಣ್ಣ ಎಲೆಯೂ ಚೆನ್ನ. ಮಾವು, ಹಲಸು, ಬಾದಾಮಿ ಎಲೆ ದಪ್ಪ, ಚರ್ಮದ ಹಾಗೆ. ಅವನ್ನು ಬಿಡಬೇಕಿಲ್ಲ, ಆದರೆ ಒಣಗಿದ್ದಾಗಲೇ ಚೀಲಕ್ಕೆ ಹಾಕಿ ಕಾಲಲ್ಲಿ ಚೆನ್ನಾಗಿ ತುಳಿಯಿರಿ. ಪುಡಿಯಾದಷ್ಟೂ ಬೇಗ ಕೊಳೆಯುತ್ತದೆ. ಮನೆ ಮಕ್ಕಳಿಗೆ ಈ ಕೆಲಸ ಕೊಟ್ಟರೆ ಬೇಡ ಅನ್ನುವುದಿಲ್ಲ. ನೀಲಗಿರಿ, ಅಕೇಶಿಯಾ ಎಲೆ ನಾನು ಹಾಕುವುದಿಲ್ಲ, ಕೊಳೆಯಲು ತುಂಬ ತಡ ಮಾಡುತ್ತವೆ. ಬೀಜ ಕಟ್ಟಿದ ಪಾರ್ಥೇನಿಯಂ ಗಿಡ ರಾಶಿಯೊಳಗೆ ಸೇರಬಾರದು. ಈ ರಾಶಿ ಬೀಜ ಸಾಯುವಷ್ಟು ಬಿಸಿಯಾಗುವುದಿಲ್ಲ, ಮುಂದಿನ ವರ್ಷ ಕುಂಡದ ತುಂಬ ಅದೇ ಮೊಳೆಯುತ್ತದೆ.

ತರುವುದು

ರಸ್ತೆ ಗುಡಿಸುವ ಪೌರಕಾರ್ಮಿಕರನ್ನು ಬೆಳಿಗ್ಗೆಯೇ ಮಾತಾಡಿಸಿ. ನಮ್ಮ ಬೀದಿಯ ಅಕ್ಕನನ್ನು ನಾನು ಕೇಳಿದ್ದು ಇಷ್ಟೇ: "ಅಕ್ಕ, ಎಲೆ ಮಾತ್ರ ಬೇರೆ ರಾಶಿ ಮಾಡ್ತೀರಾ? ನಾನೇ ತುಂಬ್ಕೊಂಡು ಹೋಗ್ತೀನಿ." ಅವರು ಪೊರಕೆ ನಿಲ್ಲಿಸಿ, "ತಗೊಳ್ಳಿ ಮೇಡಂ, ನಂಗೂ ಗಾಡಿಗೆ ತುಂಬೋದು ತಪ್ಪುತ್ತೆ" ಅಂದರು. ಅವತ್ತಿನಿಂದ ನನ್ನ ಮೂರು ಗೋಣಿಚೀಲ ಅವರ ಗಾಡಿಯಲ್ಲೇ ಇರುತ್ತವೆ. ಚಹಾದ ಹೊತ್ತಿಗೆ ನಮ್ಮ ಗೇಟಿನ ಬಳಿ ಇಬ್ಬರೂ ಸ್ವಲ್ಪ ಹೊತ್ತು ಕೂರುತ್ತೇವೆ.

ಮನೆಗೆ ತಂದ ಮೇಲೆ ಸುಮ್ನೆ ಸುರಿಯಬೇಡಿ. ಗುಟ್ಕಾ ಪೊಟ್ಟಣ, ಬಾಟಲಿ ಮುಚ್ಚಳ, ಗಾಜಿನ ಚೂರು ಇದ್ದೇ ಇರುತ್ತವೆ. ಕೈಗವಸು ಹಾಕಿಕೊಂಡು ಆರಿಸಿ. ಎಷ್ಟೋ ದಿನದಿಂದ ಮೂಲೆಯಲ್ಲಿ ಬಿದ್ದಿದ್ದ ರಾಶಿಗೆ ನೇರ ಕೈ ಹಾಕಬೇಡಿ, ಮೊದಲು ಕೋಲಿನಿಂದ ಕೆದಕಿ ನೋಡಿ. ಚೇಳು, ಹಾವು ಇರಬಹುದು.

ಬುಟ್ಟಿ ಕಟ್ಟುವುದು

ಹಾರ್ಡ್‌ವೇರ್ ಅಂಗಡಿಯಲ್ಲಿ ಕೋಳಿಗೂಡಿಗೆ ಬಳಸುವ ಕಬ್ಬಿಣದ ಜಾಲರಿ ಸಿಗುತ್ತದೆ. 3 ಅಡಿ ಎತ್ತರದ್ದು, 10 ಅಡಿ ಉದ್ದ ಸಾಕು. ದುಂಡಗೆ ಸುತ್ತಿ, ತುದಿಗಳನ್ನು ತಂತಿಯಿಂದ ಬಿಗಿದರೆ 3 ಅಡಿ ಅಗಲದ ಬುಟ್ಟಿ ಆಯಿತು. ತಳ ಬೇಡ, ಮಣ್ಣಿನ ಮೇಲೇ ನಿಲ್ಲಿಸಿ. ಎರೆಹುಳು ಕೆಳಗಿನಿಂದ ತಾನಾಗಿ ಹತ್ತುತ್ತದೆ. ನೆರಳಿನ ಜಾಗವೇ ಬೇಕು. ಬಿಸಿಲಿಗಿಟ್ಟರೆ ನೀರು ಹಾಕಿ ಹಾಕಿ ಸಾಕಾಗುತ್ತದೆ.

ಅಪಾರ್ಟ್‌ಮೆಂಟಿನವರಿಗೆ 25 ಕೆಜಿ ಅಕ್ಕಿ ಚೀಲ ಸಾಕು. ಎಲೆ ಒದ್ದೆ ಮಾಡಿ ಒತ್ತಿ ತುಂಬಿ, ಬಾಯಿ ಕಟ್ಟಿ, ಬಾಲ್ಕನಿಯ ನೆರಳಲ್ಲಿಡಿ. ಈ ಚೀಲ ಬಿಸಿಲಿಗೆ ಬಿದ್ದರೆ ಎಳೆ ಎಳೆಯಾಗಿ ಪುಡಿಯಾಗುತ್ತದೆ. ಆ ಪ್ಲಾಸ್ಟಿಕ್ ಎಳೆಗಳನ್ನು ಗೊಬ್ಬರದಿಂದ ಆರಿಸಿ ತೆಗೆಯುವುದು ಆಗದ ಕೆಲಸ.

ನೀರು

ಇಡೀ ಕೆಲಸದಲ್ಲಿ ತಪ್ಪುವ ಜಾಗ ಇದೊಂದೇ. ಮೊದಲ ವರ್ಷ ನಾನೂ ಇಲ್ಲೇ ತಪ್ಪಿದೆ. ಒಣ ಎಲೆ ತುಂಬಿಸಿ, ಮೇಲೆ ಒಂದು ಬಿಂದಿಗೆ ನೀರು ಹುಯ್ದು, ಮಿಕ್ಕಿದ್ದನ್ನು ಮಳೆ ನೋಡಿಕೊಳ್ಳುತ್ತದೆ ಅಂದುಕೊಂಡಿದ್ದೆ. ಜೂನ್, ಜುಲೈ ಚೆನ್ನಾಗಿ ಮಳೆ ಆಯಿತು. ಆಗಸ್ಟಿನಲ್ಲಿ ಕೈ ಹಾಕಿದರೆ ಒಳಗೆ ಎಲ್ಲ ಗರಿಗರಿ, ತುಂಬಿದ ದಿನ ಹೇಗಿತ್ತೋ ಹಾಗೇ. ಮೇಲಿನ ಎಲೆಗಳು ಒಂದರ ಮೇಲೊಂದು ಅಂಟಿ, ಹುಲ್ಲು ಹೊದಿಸಿದ ಸೂರಿನ ಹಾಗೆ ನೀರನ್ನೆಲ್ಲ ಪಕ್ಕಕ್ಕೆ ಜಾರಿಸಿಬಿಟ್ಟಿದ್ದವು.

ಈಗ ಪದರ ಪದರವಾಗಿ ತುಂಬುತ್ತೇನೆ. ಒಂದು ಮೊಳ ಎಲೆ, ಅದರ ಮೇಲೆ ನೀರು, ಚೆನ್ನಾಗಿ ತುಳಿತ, ಮತ್ತೆ ಎಲೆ. ಮಧ್ಯೆ ಮಧ್ಯೆ ಒಂದು ಬೊಗಸೆ ತೋಟದ ಮಣ್ಣು. ಸಗಣಿ ಸಿಕ್ಕರೆ ಬಕೆಟ್ ನೀರಿಗೆ ಎರಡು ಹಿಡಿ ಕದಡಿ ಚಿಮುಕಿಸಿ. ಎಲೆಯಲ್ಲಿ ಇಲ್ಲದ ಸಾರಜನಕ ಅದರಿಂದ ಸಿಗುತ್ತದೆ, ಕೊಳೆಯುವುದು ಚುರುಕಾಗುತ್ತದೆ. ಮಲೆನಾಡಿನ ಅಡಿಕೆ ತೋಟದವರು ಬೇಸಿಗೆಯಲ್ಲಿ ಬೆಟ್ಟದಿಂದ ದರಕು, ಅಂದರೆ ತರಗೆಲೆ, ಗುಡಿಸಿ ತಂದು ಕೊಟ್ಟಿಗೆಗೆ ಹಾಸುವುದೂ ಇದೇ ಲೆಕ್ಕ. ದನ ತುಳಿದು, ಸಗಣಿ ಗಂಜಲ ಸೇರಿ, ಆಮೇಲೆ ಅದು ಗೊಬ್ಬರಗುಂಡಿಗೆ ಹೋಗುತ್ತದೆ.

ಮಾರ್ಚ್‌ನಿಂದ ಮೇವರೆಗೆ ವಾರಕ್ಕೊಂದು ಬಕೆಟ್ ನೀರು ಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಎಷ್ಟು ಪರದಾಡಿದೆವು, ನೆನಪಿದೆ ಅಲ್ವಾ? ಕುಡಿಯುವ ನೀರು ಹಾಕಬೇಡಿ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಧಾರಾಳ ಸಾಕು. ಹದ ತಿಳಿಯಲು ರಾಶಿಯ ಮಧ್ಯದಿಂದ ಒಂದು ಹಿಡಿ ತೆಗೆದು ಹಿಂಡಿ. ಅಂಗೈ ಒದ್ದೆಯಾಗಬೇಕು, ನೀರು ಧಾರೆಯಾಗಿ ಸುರಿಯಬಾರದು. ತಿಂಗಳಿಗೊಮ್ಮೆ ಕೋಲಿನಿಂದ ತಿವಿದು ಸಡಿಲ ಮಾಡಿ, ಮೇಲಿನದ್ದು ಒಳಕ್ಕೆ ಹೋಗಲಿ. ಬಿಳಿ ನೂಲಿನಂಥ ಬೂಸ್ಟು ಕಂಡರೆ ಗಾಬರಿ ಬೇಡ, ಅದೇ ನಮ್ಮ ಕೆಲಸಗಾರ. ದಪ್ಪನೆ ಬಿಳಿ ಗೊಣ್ಣೆಹುಳು ಸಿಕ್ಕರೆ ಮಾತ್ರ ಆರಿಸಿ ತೆಗೆಯಿರಿ. ಕುಂಡಕ್ಕೆ ಹೋದರೆ ಗಿಡದ ಬೇರು ತಿನ್ನುವ ಜಾತಿಯೂ ಇರುತ್ತದೆ.

ತೆಗೆದು ಬಳಸುವುದು

ನವೆಂಬರ್ ಹೊತ್ತಿಗೆ 3 ಅಡಿ ರಾಶಿ ಕುಸಿದು ಒಂದಡಿಗೂ ಕಡಿಮೆಯಾಗಿರುತ್ತದೆ. ಜಾಲರಿಯನ್ನು ಮೇಲಕ್ಕೆಳೆದು ತೆಗೆಯಿರಿ. ಮೇಲಿನ ಪದರದ ಎಲೆಗಳಲ್ಲಿ ಹಸಿರು, ಹಳದಿ ಏನೂ ಉಳಿದಿರುವುದಿಲ್ಲ. ಹೊಂಗೆ ಎಲೆಯ ನರಗಳಷ್ಟೇ ಉಳಿದು ಸೊಳ್ಳೆಪರದೆಯ ತುಂಡಿನಂತೆ ಕಾಣುತ್ತದೆ, ಬೆಳಕಿಗೆ ಹಿಡಿದರೆ ಆಚೆಯದು ಕಾಣುತ್ತದೆ. ಅದರ ಕೆಳಗಿರುವುದೇ ನಮಗೆ ಬೇಕಾದ್ದು. ಕಾಫಿ ಗಸಿಯ ಬಣ್ಣ, ಬೆರಳಲ್ಲಿ ಉಜ್ಜಿದರೆ ಪುಡಿಪುಡಿ.

ಇದು ಗಿಡಕ್ಕೆ ಹೊಟ್ಟೆ ತುಂಬಿಸುವ ಊಟ ಅಲ್ಲ, ಸತ್ವ ಕಡಿಮೆ. ಇದರ ಗುಣವೇ ಬೇರೆ. ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಗಟ್ಟಿ ಕೆಂಪುಮಣ್ಣನ್ನು ಸಡಿಲ ಮಾಡುತ್ತದೆ. ಕುಂಡಕ್ಕೆ ಕೆಂಪುಮಣ್ಣು, ಎಲೆಗೊಬ್ಬರ, ಎರೆಗೊಬ್ಬರ ಮೂರೂ ಸಮಸಮ ಬೆರೆಸಿ. ಜರೀಗಿಡ, ಆಂಥೂರಿಯಂಗೆ ಎಲೆಗೊಬ್ಬರ ಇನ್ನೂ ಜಾಸ್ತಿ ಇರಲಿ. ತೆಂಗಿನ ನಾರಿನ ಪುಡಿ ಕೊಳ್ಳುವ ಖರ್ಚು ಉಳಿಯುತ್ತದೆ. ಅರ್ಧ ಕೊಳೆತಿದ್ದನ್ನು ಮಣ್ಣಿನೊಳಗೆ ಬೆರೆಸಬೇಡಿ. ಅದು ಕೊಳೆಯಲು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ, ಗಿಡ ಹಳದಿಯಾಗುತ್ತದೆ. ಅಂಥದ್ದನ್ನು ಬುಡದ ಮೇಲೆ ಎರಡು ಇಂಚು ಹೊದಿಕೆಯಾಗಿ ಹಾಸಿ, ಕಾಂಡಕ್ಕೆ ತಾಗದಿರಲಿ.

ಸಸಿ ಮಡಿಗೆ ಬೇಕಾದರೆ ಜರಡಿ ಹಿಡಿಯಿರಿ. ಜರಡಿಯಲ್ಲಿ ಉಳಿದ ಕಡ್ಡಿ, ತೊಟ್ಟು, ಬಾದಾಮಿ ಎಲೆಯ ಗಟ್ಟಿ ನಡುನರ ಎಲ್ಲವನ್ನೂ ಖಾಲಿ ಬುಟ್ಟಿಯ ತಳಕ್ಕೆ ಹಾಕಿಡಿ. ಅದರಲ್ಲಿ ಬೂಸ್ಟು ಆಗಲೇ ಇರುತ್ತದೆ, ಹೊಸ ಎಲೆಗೆ ಹೆಪ್ಪು ಹಾಕಿದ ಹಾಗೆ. ಜನವರಿಯಲ್ಲಿ ಮಳೆಮರ ಮತ್ತೆ ಉದುರಿಸಲು ಶುರು ಮಾಡುತ್ತದೆ.