ಸಾಲೊಗೆ ಬರುತ್ತಿದ್ದೀರಾ? ಮನೆ ನೋಡುವ ಮೊದಲು ಊರಿನ ಕಥೆ ಕೇಳಿ

ಫಿನ್‌ಲ್ಯಾಂಡಿನ ಸಾಲೊದಲ್ಲಿ ಕೆಲಸ ಸಿಕ್ಕಿದವರು ಮೊದಲು ಕೇಳುವುದು ಒಂದೇ: ಇಲ್ಲಿ ಮನೆ ಇಷ್ಟು ಅಗ್ಗ ಯಾಕೆ? ಹೆಲ್ಸಿಂಕಿಯಲ್ಲಿ ಒಂದು ಕೋಣೆ ಸಿಗದ ದುಡ್ಡಿಗೆ ಇಲ್ಲಿ ಅಂಗಳ ಇರುವ ಮನೆಯೇ ಸಿಗಬಹುದು. ಖುಷಿಪಡಿ, ಆದರೆ ಕಾರಣವನ್ನೂ ತಿಳಿದುಕೊಳ್ಳಿ.

ಉಸ್ಕೆಲಾ ನದಿಯ ದಡದ ಪುಟ್ಟ ವ್ಯಾಪಾರದ ಪೇಟೆ ಇದು. 1899ರಲ್ಲಿ ಪಕ್ಕದ ದೊಡ್ಡ ನಗರ ತುರ್ಕು ಕಡೆಯಿಂದ ರೈಲು ಬಂತು. 1928ರಲ್ಲಿ ಇಲ್ಲಿ ಶುರುವಾದ ಒಂದು ರೇಡಿಯೋ ಕಂಪನಿ ಮುಂದೆ ಸಲೋರ ಎಂಬ ಹೆಸರಲ್ಲಿ ಟಿವಿಗಳನ್ನು ಮಾಡಿತು. 1979ರಲ್ಲಿ ಸಲೋರ ಮತ್ತು ನೋಕಿಯಾ ಸೇರಿ ಮೊಬಿರಾ ಎಂಬ ಫೋನ್ ಕಂಪನಿ ಕಟ್ಟಿದವು. 1989ರಲ್ಲಿ ಸೋವಿಯತ್ ನಾಯಕ ಗೋರ್ಬಚೆವ್ ಹೆಲ್ಸಿಂಕಿಯಿಂದ ಮಾಸ್ಕೋಗೆ ಮಾತಾಡಿದ ಆ ದಪ್ಪ ಫೋನ್ ಮೊಬಿರಾದ್ದೇ. ನಮ್ಮಲ್ಲಿ ಎಷ್ಟೋ ಮನೆಗಳ ಮೊದಲ ಮೊಬೈಲ್ ನೋಕಿಯಾ ಆಗಿತ್ತಲ್ವಾ? ಆ ಕಂಪನಿ ಫೋನ್ ತಯಾರಿಸಲು ಕಲಿತ ಊರು ಇದು.

ಒಂದೇ ಕಂಪನಿಯನ್ನು ನಂಬಿದ ಊರಿಗೆ ಏಟು ಬಿದ್ದದ್ದೂ ಅಲ್ಲಿಂದಲೇ. 2012ರಲ್ಲಿ ನೋಕಿಯಾ ಇಲ್ಲಿನ ತಯಾರಿಕೆ ನಿಲ್ಲಿಸಿತು. ಆಮೇಲೆ ನೋಕಿಯಾದ ಫೋನ್ ವ್ಯಾಪಾರವನ್ನು ಮೈಕ್ರೋಸಾಫ್ಟ್ ಕೊಂಡಾಗ ಉಳಿದಿದ್ದ ಎಂಜಿನಿಯರುಗಳು ಅದರ ಕೈಗೆ ಹೋದರು. 2015ರಲ್ಲಿ ಮೈಕ್ರೋಸಾಫ್ಟ್ ಕೂಡ ಇಲ್ಲಿನ ಕೆಲಸ ಮುಚ್ಚುವುದಾಗಿ ಹೇಳಿತು. ಕೆಲಸ ಹೋದವರು ಊರು ಬಿಟ್ಟರು, ಮನೆಗಳು ಮಾರಾಟಕ್ಕೆ ಬಂದವು. ಅಗ್ಗದ ಗುಟ್ಟು ಬಹುಪಾಲು ಇಷ್ಟೇ. ಹಳೆಯ ಕಾರ್ಖಾನೆಯ ಜಾಗ ಈಗ ಖಾಲಿ ಬಿದ್ದಿಲ್ಲ. 2019ರಲ್ಲಿ ವಾಲ್ಮೆಟ್ ಆಟೋಮೋಟಿವ್ ಎಂಬ ಫಿನ್ನಿಶ್ ಕಾರು ಕಂಪನಿ ಅಲ್ಲಿ ಕಾರಿನ ಬ್ಯಾಟರಿ ಮಾಡಲು ಶುರುಮಾಡಿತು. ಆದರೂ ನನ್ನ ಸಲಹೆ: ಮೊದಲೆರಡು ಚಳಿಗಾಲ ಬಾಡಿಗೆ ಮನೆಯಲ್ಲೇ ಇರಿ. ಇಲ್ಲಿ ಮನೆ ಕೊಳ್ಳುವುದು ಸುಲಭ, ಮಾರುವುದು ನಿಧಾನ.

ಬಾಡಿಗೆಗೆ ಹುಡುಕುವಾಗ ಇನ್ನೊಂದು ಗಮನಿಸಿ. 2009ರಲ್ಲಿ ಹತ್ತು ಸ್ಥಳೀಯ ಆಡಳಿತಗಳನ್ನು ಸೇರಿಸಿ ಒಂದೇ ಸಾಲೊ ಮಾಡಿದರು. ಹಾಗಾಗಿ ಜಾಹೀರಾತಿನಲ್ಲಿ ‘ಸಾಲೊ’ ಅಂತಿದ್ದರೂ ಮನೆ ಆ ಹತ್ತರಲ್ಲೊಂದಾದ ಪೆರ್ನಿಯೊದಲ್ಲಿರಬಹುದು. ಅದು ಪೇಟೆಯಿಂದ ಸುಮಾರು 20 ಕಿ.ಮೀ. ದೂರ. ಕಾರು ಇಲ್ಲದವರು ರೈಲು ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ನೋಡಿ. ಅಲ್ಲಿಂದ ತುರ್ಕು ಅರ್ಧ ಗಂಟೆ, ಹೆಲ್ಸಿಂಕಿ ಸುಮಾರು ಒಂದೂವರೆ ಗಂಟೆ.

ಆಫೀಸಿನಲ್ಲಿ ಇಂಗ್ಲಿಷ್ ಸಾಕು. ಆದರೆ ಮಕ್ಕಳ ಡೇಕೇರ್‌ನ ಚೀಟಿ, ಅಪಾರ್ಟ್‌ಮೆಂಟಿನ ಮೆಟ್ಟಿಲ ಹತ್ತಿರ ಅಂಟಿಸುವ ನೋಟಿಸು, ಎಲ್ಲರೂ ಹಂಚಿಕೊಳ್ಳುವ ಸೌನಾದ (ಬಿಸಿ ಹಬೆಯ ಸ್ನಾನದ ಕೋಣೆಯ) ಸರದಿ ಪಟ್ಟಿ, ಎಲ್ಲ ಫಿನ್ನಿಶ್‌ನಲ್ಲೇ. ತುರ್ಕು ಕಡೆ ಕೇಳುವ ಸ್ವೀಡಿಶ್ ಕೂಡ ಇಲ್ಲಿ ಜಾಸ್ತಿ ಕಿವಿಗೆ ಬೀಳದು. ಊರಿನ ಕನ್ಸಲಾಯ್ಸ್‌ಒಪಿಸ್ಟೊದಲ್ಲಿ, ಅಂದರೆ ದೊಡ್ಡವರೂ ಹೋಗಿ ಕಲಿಯುವ ಶಾಲೆಯಲ್ಲಿ, ಸೇರಿಕೊಳ್ಳಿ. ಮನೆಯಲ್ಲೇ ಇರುವ ಸಂಗಾತಿಗೆ ಇದು ಇನ್ನೂ ಮುಖ್ಯ. ಮುಂದೆ ಪೌರತ್ವ ಬೇಕೆಂದರೂ ಭಾಷೆ ಬರುತ್ತದೆಂದು ತೋರಿಸಬೇಕಾಗುತ್ತದೆ.

ಪಕ್ಕದ ಮನೆಯವರು ತಾವಾಗಿ ಮಾತಿಗೆ ಬರುವುದಿಲ್ಲ, ಬೇಜಾರಾಗಬೇಡಿ. ಐವತ್ತು ದಾಟಿದವರಲ್ಲಿ ಎಷ್ಟೋ ಜನ ನೋಕಿಯಾ ಕಾರ್ಖಾನೆಯಲ್ಲಿ ದುಡಿದವರೇ. ಪರಿಚಯವಾದ ದಿನವೇ ‘ನೋಕಿಯಾ ಯಾಕೆ ಮುಳುಗಿತು’ ಎಂದು ಕೆದಕಬೇಡಿ. ನಿಮ್ಮ ಮನೆಯ ಮೊದಲ ಫೋನಿನ ಕಥೆ ಹೇಳಿ ಸಾಕು, ಅವರೇ ಶುರುಮಾಡುತ್ತಾರೆ. ಆಮೇಲೆ ನಿಲ್ಲಿಸುವುದು ಕಷ್ಟ!

ಬೇಸಿಗೆಯಲ್ಲಿ ಗುರುವಾರ ಸಂಜೆ ಪೇಟೆಯ ಚೌಕದಲ್ಲಿ ಇಲ್ತಾತೋರಿ ಅನ್ನುವ ಸಂತೆ ನಡೆಯುತ್ತದೆ. ಊರಿಗೆ ಊರೇ ಅಲ್ಲಿರುತ್ತದೆ. ಹಸಿ ಬಟಾಣಿ, ಹೊಸ ಆಲೂಗಡ್ಡೆಯನ್ನು ನಮ್ಮ ಸೇರು, ಪಾವಿನ ಹಾಗೆ ಲೀಟರಿನ ಡಬ್ಬಿಯಲ್ಲಿ ಅಳೆದು ಕೊಡುತ್ತಾರೆ. ಬಟಾಣಿಯನ್ನು ಅಲ್ಲೇ ಬಿಡಿಸಿ ಹಸಿಯಾಗೇ ತಿನ್ನುವುದು ವಾಡಿಕೆ. ರಜೆಯಿದ್ದರೆ ಮಥಿಲ್ಡೆಡಾಲ್‌ಗೆ ಹೋಗಿ. ಹಳೆಯ ಕಬ್ಬಿಣದ ಕಾರ್ಖಾನೆಯ ಹಳ್ಳಿ, ಪಕ್ಕದಲ್ಲೇ ತೇಯೊ ರಾಷ್ಟ್ರೀಯ ಉದ್ಯಾನ. ಕಾಡಿನ ಹಣ್ಣುಗಳನ್ನು ಯಾರು ಬೇಕಾದರೂ ಕೀಳಬಹುದು. ಆದರೆ ಮನೆಗಳ ಅಂಗಳದೊಳಗೆ ಕಾಲಿಡಬೇಡಿ.

ತೊಗರಿಬೇಳೆ, ಸಾಸಿವೆ, ಹುಣಸೆಹಣ್ಣಿಗೆ ತುರ್ಕುವಿನ ಏಷ್ಯನ್ ಅಂಗಡಿಗಳೇ ಗತಿ. ಕರಿಬೇವು ಕಂಡರೆ ಎರಡು ಕಟ್ಟು ತಂದು ಫ್ರೀಜರಿನಲ್ಲಿಡಿ.