ಹೊಂಗೆ ಬುಡದ ಒಂದು ಹಿಡಿ ಮಣ್ಣು

ಕುಂಡದ ಗಿಡ ಏಳುತ್ತಿಲ್ಲ ಅಂತ ಗೊಬ್ಬರದ ಪೊಟ್ಟಣ ತರುವ ಮೊದಲು, ನಿಮ್ಮ ಬೀದಿಯ ಹಳೆ ಹೊಂಗೆ ಮರ ನೋಡಿ. ಜಯನಗರ, ಬಸವನಗುಡಿ ಕಡೆ ಸಾಲುಸಾಲಾಗಿವೆ. ಅದಕ್ಕೆ ಗೊಬ್ಬರ ಹಾಕುವವರು ಯಾರೂ ಇಲ್ಲ. ಆದರೂ ಬೇಸಿಗೆಯಲ್ಲಿ ಎಷ್ಟು ಚೆಂದ ಚಿಗುರುತ್ತದೆ, ಅಲ್ವಾ? ಅದರ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ ಇರುತ್ತವೆ. ಗಾಳಿಯ ಸಾರಜನಕವನ್ನು ಹಿಡಿದು ಮರಕ್ಕೆ ಕೊಡುತ್ತವೆ. ಸುತ್ತಲ ಮಣ್ಣಿನಲ್ಲಿ ಇನ್ನೂ ಹಲವು ಬಗೆಯವು ಇವೆ. ಬೇರು ಒಸರುವ ಸಕ್ಕರೆ ಅಂಶವೇ ಅವಕ್ಕೆ ಊಟ. ಕೆಲವು ರಂಜಕವನ್ನು ಕರಗಿಸಿ ಬೇರಿಗೆ ಒದಗಿಸುತ್ತವೆ, ಕೆಲವು ಬೇರು ಹಬ್ಬಿಸುವ ಹಾರ್ಮೋನನ್ನೇ ತಯಾರಿಸುತ್ತವೆ. ನಮ್ಮ ಕೆಂಪು ಮಣ್ಣಿಗೆ ಇವು ಬೇಕೇ ಬೇಕು. ಅದರಲ್ಲಿ ಕಬ್ಬಿಣದ ಅಂಶ ಜಾಸ್ತಿ, ಹಾಕಿದ ರಂಜಕ ಅದಕ್ಕೇ ಅಂಟಿಕೊಂಡುಬಿಡುತ್ತದೆ.

ಮಳೆ ಬಂದ ಮಾರನೆ ದಿನ ಮರದ ಕೆಳಗಿನ ತರಗೆಲೆ ಸರಿಸಿ, ಎರಡು ಬೆರಳಾಳದ ಮಣ್ಣು ಒಂದು ಹಿಡಿ ತನ್ನಿ. ಸಣ್ಣ ಬೇರುಗಳಿರುವ ಜಾಗದ್ದಾದರೆ ಒಳ್ಳೆಯದು. ರೋಗ ಬಂದ ಮರದ್ದು ಬೇಡ. ಬಿಸಿಲಿಗೆ ಒಣಗಿಸಬೇಡಿ. ಸಂಜೆ ಹೊತ್ತು ಕುಂಡದ ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ, ಮೇಲೆ ಒಣ ಎಲೆ ಮುಚ್ಚಿ. ರೈತರು ಜೀವಾಮೃತ ಎಂಬ ದ್ರವ ಗೊಬ್ಬರಕ್ಕೆ ಸಗಣಿ, ಗಂಜಲ, ಬೆಲ್ಲ, ದ್ವಿದಳ ಹಿಟ್ಟಿನ ಜೊತೆ ಬದುವಿನ ಹಿಡಿ ಮಣ್ಣು ಹಾಕುವುದೂ ಈ ಬ್ಯಾಕ್ಟೀರಿಯಾಗಳಿಗಾಗಿಯೇ.

ಮೆಂತ್ಯ, ಅವರೆ ಬೇರಲ್ಲೂ ಹೊಂಗೆಯ ಹಾಗೇ ಗಂಟುಗಳಿರುತ್ತವೆ. ಮೆಂತ್ಯ ಸೊಪ್ಪು ಬೆಳೆಯುವವರು ಬೇರು ಸಮೇತ ಕೀಳಬೇಡಿ, ಕತ್ತರಿಯಲ್ಲಿ ಕತ್ತರಿಸಿ. ಅವರೆ ಗಿಡ ಮುಗಿದಾಗಲೂ ಅಷ್ಟೇ, ಬೇರು ಕುಂಡದಲ್ಲೇ ಕೊಳೆಯಲಿ. ಒಂದು ಗಂಟು ಚಿವುಟಿ ನೋಡಿ. ಒಳಗೆ ನಸುಗೆಂಪು ಇದ್ದರೆ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿವೆ ಎಂದರ್ಥ.

ಪೊಟ್ಟಣವೇ ಬೇಕು ಅನ್ನುವವರಿಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಮೈಕ್ರೋಬಿಯಲ್ ಕನ್ಸಾರ್ಷಿಯಂ ಎಂಬ, ಇಂಥ ಬ್ಯಾಕ್ಟೀರಿಯಾಗಳ ಮಿಶ್ರಣ ಇದೆ. ಕೊಳ್ಳುವಾಗ ತಾರೀಖು ನೋಡಿ, ಒಳಗಿರುವುದು ಜೀವ. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತದೆ, ಹಿಂದಿನ ರಾತ್ರಿಯೇ ಹಿಡಿದು ತೆರೆದಿಟ್ಟ ನೀರಲ್ಲಿ ಕಲಸಿ. ಶಿಲೀಂಧ್ರನಾಶಕದ ಜೊತೆ ಬೆರೆಸಲೇಬೇಡಿ.

ನನಗೆ ನಿಜಕ್ಕೂ ಸಂಕಟವಾಗುವುದು ಮರದ ಬುಡಕ್ಕೆ ಸಿಮೆಂಟ್ ಬಳಿಯುವುದನ್ನು ಕಂಡಾಗ. ನೀರು, ಗಾಳಿ ಎರಡೂ ಇಲ್ಲದೆ ಬೇರೂ ಸೊರಗುತ್ತದೆ, ಅದನ್ನು ನಂಬಿದ ಜೀವಗಳೂ ಸೊರಗುತ್ತವೆ. ತರಗೆಲೆ ಕಸ ಅಂತ ಗುಡಿಸಿ ಸುಡುವುದೂ ತಪ್ಪು, ಅದು ಮಣ್ಣಿನ ಊಟ. ನಿಮ್ಮ ಬೀದಿಯಲ್ಲಿ ಫುಟ್‌ಪಾತ್ ಕೆಲಸ ಶುರುವಾದರೆ ಸುಮ್ನೆ ನೋಡುತ್ತಾ ನಿಲ್ಲಬೇಡಿ. ಕಾಂಕ್ರೀಟ್ ಸುರಿಯುವ ಮೊದಲೇ ಮೇಸ್ತ್ರಿಯ ಹತ್ತಿರ ಹೋಗಿ, ಬುಡದ ಸುತ್ತ ಮಣ್ಣು ಬಿಡಿ ಅಂತ ಕೇಳಿ.