ಪುಟ್ಟಿ ಬಿಟ್ಟು ಪಟ್ಟಿ ಹಿಡಿದೆ: ಬಾನೆಟ್ ಸಂದು ಸರಿಹೋದ ಬಗೆ

ಬಿಡಿಭಾಗ ಜೋಡಿಸಿ ಪ್ಲಾಸ್ಟಿಕ್ಕಿನ ಪುಟ್ಟ ಮಾದರಿ ಕಾರು ಮಾಡುವವರಿಗೆ ಬಾನೆಟ್ ಸರಿಯಾಗಿ ಕೂರದ ಕಿಟ್ ಸಿಕ್ಕಿದರೆ ಎಲ್ಲರೂ ಹೇಳುವುದು ಎರಡೇ ಮಾತು. ಪುಟ್ಟಿ ಮೆತ್ತು, ಇಲ್ಲಾಂದ್ರೆ ಬಾನೆಟ್ಟನ್ನೇ ಅಂಟಿಸಿ ಮುಚ್ಚಿಬಿಡು. ನಾನು ಎರಡನ್ನೂ ಮಾಡಲ್ಲ, ಅಂಚಿಗೆ ಸ್ಟೈರೀನ್ (ಕಿಟ್ಟಿನದೇ ಪ್ಲಾಸ್ಟಿಕ್) ಪಟ್ಟಿ ಕೂರಿಸಿ ಸಂದು ಸರಿ ಮಾಡ್ತೀನಿ ಅಂದಾಗ ಗೆಳೆಯರು ನಂಬಲಿಲ್ಲ. "ಬಣ್ಣ ಹೊಡೆದ ಮೇಲೆ ಪಟ್ಟಿ ಅಂಟಿಸಿದ ಗೆರೆ ಎದ್ದು ಕಾಣುತ್ತೆ, ನೋಡ್ತಾ ಇರು" ಅಂದರು. ಬಣ್ಣ, ಅದರ ಮೇಲಿನ ಪಾರದರ್ಶಕ ಕ್ಲಿಯರ್, ಪಾಲಿಶ್ ಎಲ್ಲ ಮುಗಿದು ತಿಂಗಳುಗಳೇ ಆದವು. ಗೆರೆ ಕಂಡಿಲ್ಲ. ಬಾನೆಟ್ ತೆಗೆದು ಹಾಕಬಹುದು, ಸುತ್ತಲೂ ಸಂದು ಒಂದೇ ಸಮ. ಅದಕ್ಕೇ ಬರೆಯುತ್ತಿದ್ದೇನೆ.

ಕಿಟ್ 1/25 ಅಳತೆಯದು, ಅಚ್ಚು ಹಳೆಯದು. ಎಡಗಡೆ ಸಂದು ಹತ್ತಿರ ಹತ್ತಿರ 1 ಮಿ.ಮೀ. ಬಲಗಡೆ ಬಾನೆಟ್ ಬಾಡಿಗೆ ಉಜ್ಜುತ್ತಿತ್ತು. ಹಿಂದುಗಡೆ, ಗಾಜಿನ ಹತ್ತಿರ, ಅರ್ಧ ಮಿ.ಮೀ. ಎದ್ದಿತ್ತು. 1 ಮಿ.ಮೀ. ತಾನೇ ಅನ್ನಬೇಡಿ. ದೊಡ್ಡ ಕಾರಿನ ಲೆಕ್ಕದಲ್ಲಿ ಅದು 25 ಮಿ.ಮೀ., ಬೆರಳು ತೂರುವಷ್ಟು ಜಾಗ.

ಮೊದಲು ಪುಟ್ಟಿಯೇ ಹಾಕಿದ್ದು. ಟ್ಯೂಬಿನಲ್ಲಿ ಬರುವ ಲ್ಯಾಕರ್ ಪುಟ್ಟಿ ನಿಮಗೆ ಗೊತ್ತೇ ಇದೆ. ಒಳಗಿನ ಥಿನ್ನರ್ ಆರುತ್ತಾ ಹೋದ ಹಾಗೆ ಅದು ಕುಗ್ಗುತ್ತದೆ. ಉಜ್ಜಿ, ಪ್ರೈಮರ್ ಹೊಡೆದು, ಆಯಿತು ಅಂದುಕೊಂಡ ವಾರಕ್ಕೆ ಅದೇ ಜಾಗ ಮತ್ತೆ ಕುಳಿ. ಮತ್ತೆ ಮೆತ್ತು, ಮತ್ತೆ ಉಜ್ಜು. ಇನ್ನೊಂದು ತೊಂದರೆ ಏನಂದ್ರೆ, ಪುಟ್ಟಿಗೆ ಅಂಚು ನಿಲ್ಲುವುದಿಲ್ಲ. ಬಾನೆಟ್ ಎರಡು ಸಲ ತೆಗೆದು ಹಾಕಿದರೆ ಮೂಲೆ ಉದುರುತ್ತದೆ. ಆಮೇಲೆ ರೆಸಿನ್ (ಅಚ್ಚಿಗೆ ಸುರಿದು ಗಟ್ಟಿ ಮಾಡುವ ರಾಳ) ಬಾನೆಟ್ ತರಿಸಿದೆ. ರೆಸಿನ್ನೂ ಅಚ್ಚಿನಲ್ಲಿ ಸ್ವಲ್ಪ ಕುಗ್ಗುವ ಮಾಲೇ. ಬಂದದ್ದು ಕಿಟ್ಟಿನ ಬಾನೆಟ್‌ಗಿಂತ ಚಿಕ್ಕದಿತ್ತು. ಅಷ್ಟು ಹೊತ್ತಿಗೆ ಪುಟ್ಟಿ, ರೆಸಿನ್, ಪ್ರೈಮರ್ ಎಲ್ಲ ಸೇರಿ ಕಿಟ್ಟಿನ ಬೆಲೆಗಿಂತ ಜಾಸ್ತಿ ದುಡ್ಡು ಹೋಗಿತ್ತು. ಕೊನೆಗೆ ಕೆಲಸ ಮಾಡಿದ ಪಟ್ಟಿಗೆ ಖರ್ಚಾದದ್ದು ಅದರಲ್ಲಿ ಒಂದು ಚೂರು. ಒಂದು ಪ್ಯಾಕೆಟ್ ಇದ್ದರೆ ಎಷ್ಟೋ ಕಾರಿಗೆ ಬರುತ್ತದೆ.

ಪಟ್ಟಿಗೆ ಕೈ ಹಾಕುವ ಮೊದಲು ಬಾನೆಟ್ ಎಲ್ಲಿ ತಡೆಯುತ್ತಿದೆ ಅಂತ ಹುಡುಕಬೇಕು. ಇಲ್ಲಿ ಅವಸರ ಮಾಡಿದರೆ ಮುಂದಿನದ್ದೆಲ್ಲ ದಂಡ. ಬಾಡಿ, ಚಾಸಿ, ಫೈರ್‌ವಾಲ್ (ಇಂಜಿನ್ ಹಿಂದಿನ ಅಡ್ಡಗೋಡೆ), ರೇಡಿಯೇಟರ್, ಇಂಜಿನ್ ಎಲ್ಲವನ್ನೂ ಮಾಸ್ಕಿಂಗ್ ಟೇಪಿನಲ್ಲಿ ಕಟ್ಟಿ ಇಡೀ ಕಾರು ನಿಲ್ಲಿಸಿ. ಬರೀ ಬಾಡಿಯ ಮೇಲೆ ಬಾನೆಟ್ ಇಟ್ಟು ನೋಡಿದರೆ ಏನೂ ಗೊತ್ತಾಗಲ್ಲ. ನಾನು ಬಾನೆಟ್ಟಿನ ಒಳಗಡೆ ಅಂಚಿಗೆಲ್ಲ ತೆಳ್ಳಗೆ ಲಿಪ್‌ಸ್ಟಿಕ್ ಸವರಿ, ಮೆಲ್ಲಗೆ ಕೂರಿಸಿ, ಅಲ್ಲಾಡಿಸದೆ ಎತ್ತಿದೆ. ಫೈರ್‌ವಾಲಿನ ಬಲ ಮೂಲೆಯಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆ. ಬೇರೆಲ್ಲೂ ಇಲ್ಲ. ಇಡೀ ಬಾನೆಟ್ ಆ ಚುಕ್ಕೆಯ ಮೇಲೆ ನಿಂತು ವಾಲಿತ್ತು! ಫೈರ್‌ವಾಲನ್ನು ಕೂರಿಸುವ ಗೂಟಗಳೇ ಓರೆ. ಅವನ್ನು ಕತ್ತರಿಸಿ ಹಾಕಿ, ಆ ಮೂಲೆಯನ್ನು ಅರದಲ್ಲಿ ಸವರಿದೆ. ಹಿಂದುಗಡೆ ಎದ್ದಿದ್ದ ಅರ್ಧ ಮಿ.ಮೀ. ಅಷ್ಟಕ್ಕೇ ಹೋಯಿತು. ಎಡಗಡೆ ಸಂದೂ ಒಂದಿಷ್ಟು ಕಡಿಮೆಯಾಯಿತು. ಕಿಟ್ಟಿನ ಗೂಟಗಳನ್ನು ದೇವರ ಹಾಗೆ ನಂಬುವವರಿಗೆ ಇದನ್ನು ಒತ್ತಿ ಹೇಳುತ್ತೇನೆ.

ಉಳಿದ ಸಂದಿಗೆ ಪಟ್ಟಿ. ಬಾಡಿಗಿಂತ ಬಾನೆಟ್ಟಿನ ಅಂಚಿಗೆ ಅಂಟಿಸುವುದು ವಾಸಿ, ಯಾಕಂದ್ರೆ ಅದನ್ನು ಕೈಯಲ್ಲಿ ಹಿಡಿದು ಉಜ್ಜಬಹುದು. ಮೊದಲು ಬಲಗಡೆ ಉಜ್ಜುತ್ತಿದ್ದ ಅಂಚನ್ನು ತುಸು ಸವರಿದೆ. ಆಮೇಲೆ ಎಡಗಡೆಗೆ 0.5 ಮಿ.ಮೀ. ಪಟ್ಟಿ, ಮುಂದುಗಡೆಗೆ 0.25. ಸೂಪರ್ ಗ್ಲೂ ಬೇಡ, ಪ್ಲಾಸ್ಟಿಕ್ ಕರಗಿಸಿ ಅಂಟಿಸುವ, ನೀರಿನಂಥ ತೆಳು ಸಿಮೆಂಟೇ ಆಗಬೇಕು. ಪಟ್ಟಿಯೂ ಸ್ಟೈರೀನ್, ಬಾನೆಟ್ಟೂ ಸ್ಟೈರೀನ್. ಎರಡೂ ಕರಗಿ ಒಂದಾಗುತ್ತವೆ, ಉಜ್ಜಿದಾಗ ಎರಡೂ ಒಂದೇ ಸಮ ಸವೆಯುತ್ತವೆ. ಪಟ್ಟಿ ಮೇಲಕ್ಕೂ ಕೆಳಕ್ಕೂ ಸ್ವಲ್ಪ ಚಾಚಿಕೊಂಡಿರಲಿ.

ಇನ್ನು ಆ ಗೆರೆಯ ವಿಷಯ. ಗೆಳೆಯರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಮರುದಿನವೇ ಉಜ್ಜಿ ಬಣ್ಣ ಹೊಡೆದರೆ, ಒಳಗೆ ಉಳಿದ ಸಿಮೆಂಟ್ ನಿಧಾನಕ್ಕೆ ಆರಿ ಆ ಜಾಗ ಕುಸಿಯುತ್ತದೆ, ಗೆರೆ ಬಂದೇ ಬರುತ್ತದೆ. ನಾನು ಒಂದು ವಾರದ ಮೇಲೇ ಬಿಟ್ಟೆ. ಆಮೇಲೆ 400, 600, 1000 ನಂಬರಿನ ಉಜ್ಜುಕಾಗದ, ನೀರು ಹಾಕಿ, ಗಟ್ಟಿ ಮರದ ತುಂಡಿಗೆ ಸುತ್ತಿ. ಸ್ಪಂಜು ಬಳಸಿದರೆ ಅಂಚು ದುಂಡಗಾಗುತ್ತದೆ. ಮೂಲೆಯ ತಿರುವಿನಲ್ಲಿ ಪಟ್ಟಿ ಮುರಿಯದೆ ಬಾಗಬೇಕಲ್ಲ, ಅದಕ್ಕೆ ನನ್ನದೊಂದು ಉಪಾಯ ಇದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಸಂದು ಎಷ್ಟು ಬಿಡಬೇಕು? ಪ್ರೈಮರ್, ಬಣ್ಣ, ಕ್ಲಿಯರ್ ಮೂರೂ ಸೇರಿ ಒಂದೊಂದು ಅಂಚಿಗೆ ಸುಮಾರು 0.1 ಮಿ.ಮೀ. ದಪ್ಪ ಏರುತ್ತದೆ, ನನ್ನ ಕೈಗೆ ಬಂದ ಅಂದಾಜು ಇದು. ಪ್ರಿಂಟರಿಗೆ ಹಾಕುವ 80 ಜಿಎಸ್‌ಎಂ ಕಾಗದವೂ ಹೆಚ್ಚುಕಡಿಮೆ ಅಷ್ಟೇ ದಪ್ಪ. ಎರಡು ಅಂಚಿಗೆ ಎರಡು ಹಾಳೆ, ಕಣ್ಣಿಗೆ ಕಾಣುವ ಸಂದಿಗೆ ಇನ್ನೆರಡು. ನಾಲ್ಕು ಹಾಳೆ ಸೇರಿಸಿ ಸಂದಿನಲ್ಲಿ ಎಳೆದಾಗ ಸುತ್ತಲೂ ಒಂದೇ ಬಿಗಿಯಲ್ಲಿ ಜಾರಬೇಕು. ಬರಿ ಪ್ಲಾಸ್ಟಿಕ್ಕಿನಲ್ಲಿ ಚೆಂದ ಕೂತ ಬಾನೆಟ್ ಬಣ್ಣ ಆದಮೇಲೆ ಸಿಕ್ಕಿಕೊಳ್ಳುತ್ತೆ ಅಂತ ಗೋಳಾಡುವವರು ಈ ಲೆಕ್ಕ ಹಿಡಿದು ನೋಡಲಿ.

ನಡುವೆ ಸುಮ್ನೆ ಕೆಲವು ಪ್ರಯೋಗ ಮಾಡಿದೆ. ಸ್ಪ್ರೂ (ಕಿಟ್ಟಿನ ಭಾಗಗಳು ಅಂಟಿಕೊಂಡು ಬರುವ ಚೌಕಟ್ಟು) ಚೂರುಗಳನ್ನು ಸಿಮೆಂಟಿನಲ್ಲಿ ಕರಗಿಸಿದ ಗೊಜ್ಜು ಸಣ್ಣ ಕುಳಿಗೆ ಚೆನ್ನಾಗಿದೆ, ಆದರೆ ಆರುವುದಕ್ಕೆ ದಿನಗಟ್ಟಲೆ ಬೇಕು. ಸೂಪರ್ ಗ್ಲೂಗೆ ಟಾಲ್ಕಂ ಪೌಡರ್ ಕಲಸಿದ್ದು ಕುಗ್ಗುವುದಿಲ್ಲ. ಅರ್ಧ ಮುಕ್ಕಾಲು ಗಂಟೆಯೊಳಗೆ ಉಜ್ಜಿಬಿಡಿ. ರಾತ್ರಿ ಬಿಟ್ಟರೆ ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗಿ, ಪಕ್ಕದ ಸ್ಟೈರೀನ್ ಸವೆದು ಅದು ಮಾತ್ರ ದಿಬ್ಬದ ಹಾಗೆ ನಿಲ್ಲುತ್ತದೆ. ಅಡಿಗೆ ಸೋಡಾ ಹಾಕಿದರೆ ಕ್ಷಣದಲ್ಲಿ ಕಲ್ಲು. ಅದನ್ನು ಒಳಗಡೆ ಗಟ್ಟಿತನ ಕೊಡುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ. ತಿರುಚಿದ ಚಾಸಿಯನ್ನು ಬಿಸಿನೀರಿನಲ್ಲಿ ನೇರ ಮಾಡಿದೆ. ಕುದಿಯುವ ನೀರು ಬೇಡ, ಸ್ಟೈರೀನ್ ಮೆತ್ತಗಾಗುವುದೇ 100 ಡಿಗ್ರಿ ಆಸುಪಾಸಿನಲ್ಲಿ, ಒಮ್ಮೆಗೇ ಸೊಟ್ಟಗಾದೀತು. 70ರ ಸುಮಾರಿನಲ್ಲಿ ಅದ್ದಿ, ಬಾಗಿಸಿ ಹಿಡಿದು, ತಣ್ಣೀರಿಗೆ ಹಾಕಿ. ಒಂದೇ ಸಲಕ್ಕೆ ಆಗಲ್ಲ. ಆಮೇಲೆ ಚಕ್ರ ಹಾಕಿ ಕಾರನ್ನು ಗಾಜಿನ ಮೇಲೆ ನಿಲ್ಲಿಸಿ, ಒಂದೊಂದು ಚಕ್ರದ ಕೆಳಗೂ ಕಾಗದದ ಚೂರು ತೂರಿಸಿ ನೋಡಿ. ಯಾವುದರ ಕೆಳಗೆ ಸಲೀಸಾಗಿ ನುಗ್ಗುತ್ತದೋ ಆ ಮೂಲೆ ಇನ್ನೂ ಎದ್ದಿದೆ ಅಂತ.